ಮ್ಯಾಕ್‌ಬೆತ್ ನಾಟಕದಲ್ಲಿ ರಾಜತ್ವ ಮತ್ತು ಅಧಿಕಾರ

ವಿಲಿಯಂ ಷೇಕ್ಸ್‌ಪಿಯರ್ ಸುಮಾರು 1606ರಲ್ಲಿ ರಚಿಸಿದ, 1623ರಲ್ಲಿ ಮೊದಲು ಅಚ್ಚಾದ ದುರಂತ ನಾಟಕ ‘ಮ್ಯಾಕ್‌ಬೆತ್’ನ ಮುಖ್ಯ ವಸ್ತು ರಾಜತ್ವ ಮತ್ತು ಅಧಿಕಾರ. ಕಥೆಗೆ ಆಧಾರ ಹಾಲಿನ್‌ಷೆಡ್‌ನ ಚರಿತ್ರೆ. ಐತಿಹಾಸಿಕ ಮ್ಯಾಕ್‌ಬೆತ್ 1040ರಿಂದ 1057ರವರೆಗೆ ಸ್ಕಾಟ್ಲೆಂಡನ್ನು ಆಳಿದ.

ನಾಟಕ ಮೂರು ಬಗೆಯ ಅರಸರನ್ನು ಎದುರುಬದುರು ನಿಲ್ಲಿಸುತ್ತದೆ. ಡಂಕನ್ ಸಜ್ಜನ, ಆದರೆ ಜನರನ್ನು ಅಳೆಯಲಾರ. ಅವನನ್ನು ಕೊಂದು ಪಟ್ಟವೇರಿದ ಮ್ಯಾಕ್‌ಬೆತ್‌ಗೆ ಕಿರೀಟ ದಕ್ಕಿದರೂ ನೆಮ್ಮದಿಯಿಲ್ಲ. ಸಂತಾನವಿಲ್ಲದ ಅವನು ತನ್ನ ಜೊತೆಯ ಸೇನಾನಿ ಬ್ಯಾಂಕೋನ ವಂಶ ಆಳುವುದೆಂಬ ಮಾಟಗಾತಿಯರ ಭವಿಷ್ಯವಾಣಿಗೆ ಹೆದರಿ ಕೊಲೆಯ ಮೇಲೆ ಕೊಲೆ ಮಾಡಿಸುತ್ತಾನೆ; ಪ್ರಜೆಗಳ ಬಾಯಲ್ಲಿ ‘ಅರಸ’ ಹೋಗಿ ‘ಪೀಡಕ’ನಾಗುತ್ತಾನೆ. ಮೂರನೆಯವನು ಡಂಕನ್‌ನ ಮಗ ಮಾಲ್ಕಮ್; ನಾಲ್ಕನೆಯ ಅಂಕದಲ್ಲಿ ಅವನು ಸರದಾರ ಮ್ಯಾಕ್‌ಡಫ್‌ನ ನಿಷ್ಠೆಯನ್ನು ಪರೀಕ್ಷಿಸುತ್ತ ನ್ಯಾಯ, ಸತ್ಯ, ಸಂಯಮ, ದಯೆಗಳನ್ನು ರಾಜಗುಣಗಳೆಂದು ಹೆಸರಿಸುತ್ತಾನೆ.

ನಾಟಕ ರಚನೆಯಾದ ಕಾಲದಲ್ಲಿ ರಾಜಹತ್ಯೆಯ ವಿಷಯಕ್ಕೆ ವಿಶೇಷ ಕಾವಿತ್ತು. ಬ್ಯಾಂಕೋನ ವಂಶಜನೆಂದು ನಂಬಲಾಗಿದ್ದ ಒಂದನೆಯ ಜೇಮ್ಸ್ 1603ರಲ್ಲಿ ಇಂಗ್ಲೆಂಡಿನ ಸಿಂಹಾಸನವೇರಿದ್ದ. 1605ರಲ್ಲಿ ಅವನನ್ನು ಸಿಡಿಮದ್ದಿನಿಂದ ಕೊಲ್ಲುವ ಸಂಚು ಬಯಲಾಗಿತ್ತು.

ಕನ್ನಡದಲ್ಲಿ ಎಂ.ಎಲ್. ಶ್ರೀಕಂಠೇಶಗೌಡರ ‘ಪ್ರತಾಪರುದ್ರದೇವ’ ‘ಮ್ಯಾಕ್‌ಬೆತ್’ನ ರೂಪಾಂತರ; ಡಿ.ವಿ.ಜಿ. ಈ ನಾಟಕವನ್ನು ಅನುವಾದಿಸಿದ್ದಾರೆ. ಬಿ.ವಿ. ಕಾರಂತರು 1979ರಲ್ಲಿ ಇದೇ ನಾಟಕದ ‘ಬರ್ನಮ್ ವನ’ ಎಂಬ ಹಿಂದಿ ಪ್ರಯೋಗಕ್ಕೆ ಯಕ್ಷಗಾನದ ಶೈಲಿಯನ್ನು ಅಳವಡಿಸಿದರು.