ಗೂಬೆಗೆಂದು ಬಿಟ್ಟ ಹೊಲ

ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದಕ್ಕೆ ಕನ್ನಡದಲ್ಲಿ ‘ಗೂಬೆ ಕೂರಿಸುವುದು’ ಎನ್ನುತ್ತಾರೆ. ಗೂಬೆ ಕೂತ ಮನೆಗೆ ಕೇಡು ಎಂಬ ನಂಬಿಕೆ ಈ ಮಾತಿನ ಬೇರು. ಆದರೆ ಗೂಬೆಯನ್ನು ಹಳಿಯುವುದು ನಮ್ಮವರಷ್ಟೇ ಅಲ್ಲ. ಇನ್ನೂರು ವರ್ಷಗಳ ಹಿಂದೆ ಇಂಗ್ಲೆಂಡಿನ ಯಾರ್ಕ್‌ಶೈರ್‌ನ ವಾಲ್ಟನ್ ಹಾಲ್ ಎಂಬ ಬಂಗಲೆಯಲ್ಲೂ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಮುದುಕಿಯೊಬ್ಬಳು ಗೂಬೆಯ ಕೂಗು ಕೇಳಿದರೆ ಬೆದರುತ್ತಿದ್ದಳು. ಅಲ್ಲಿ ಗೂಬೆಗೆ ಉಳಿಗಾಲವಿರಲಿಲ್ಲ.

ಇದನ್ನು ಬದಲಿಸಿದಾತ ಆ ಜಮೀನಿನ ಒಡೆಯ ಚಾರ್ಲ್ಸ್ ವಾಟರ್ಟನ್. ದಕ್ಷಿಣ ಅಮೆರಿಕದ ಕಾಡುಗಳನ್ನು ಸುತ್ತಿ 1813ರಲ್ಲಿ ಊರಿಗೆ ಮರಳಿದ ಈತ, ಪಾಳುಬಿದ್ದ ಹೆಬ್ಬಾಗಿಲ ಮೇಲೆ ಕಲ್ಲು-ಗಾರೆಯಲ್ಲಿ ಸುಮಾರು ನಾಲ್ಕು ಅಡಿ ಚೌಕದ ಗೂಡು ಕಟ್ಟಿಸಿದ. ಕೂರಲು ಓಕ್ ಮರದ ಕೋಲನ್ನೂ ಸಿಕ್ಕಿಸಿದ. ತಿಂಗಳೊಂದು ಕಳೆಯುವಷ್ಟರಲ್ಲಿ ಜೋಡಿ ಕಣಜ ಗೂಬೆ ಬಂದು ಸಂಸಾರ ಹೂಡಿತು. ಅವುಗಳ ತಂಟೆಗೆ ಹೋದರೆ ಕತ್ತು ಹಿಸುಕುವೆನೆಂದು ಕಾವಲಿನವನಿಗೆ ಎಚ್ಚರಿಕೆಯೂ ಆಯಿತು. ಗೂಬೆ ತಿಂದ ಮೇಲೆ ಜೀರ್ಣವಾಗದ ಕೂದಲು, ಮೂಳೆಗಳನ್ನು ಉಂಡೆ ಮಾಡಿ ಹೊರಗೆ ಕಾರುತ್ತದೆ. ವಾಟರ್ಟನ್ ಆ ಉಂಡೆಗಳನ್ನು ಬಿಡಿಸಿ ನೋಡಿದಾಗ ಒಂದೊಂದರಲ್ಲಿ ನಾಲ್ಕರಿಂದ ಏಳು ಇಲಿಗಳ ಅಸ್ಥಿಪಂಜರ ಸಿಕ್ಕಿದವು. ಅಪಶಕುನದ ಹಕ್ಕಿ ರೈತನ ಬಂಟನೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

1820ರ ದಶಕದಲ್ಲಿ ವಾಟರ್ಟನ್ ತನ್ನ ಜಮೀನಿನ ಸುತ್ತ ಸುಮಾರು 3 ಮೈಲಿ ಉದ್ದದ ಎತ್ತರದ ಗೋಡೆ ಎಬ್ಬಿಸಿ, ಒಳಗೆ ಬೇಟೆಯನ್ನೇ ನಿಷೇಧಿಸಿದ. ಖಾಸಗಿ ನೆಲವನ್ನು ವನ್ಯಜೀವಿಗಳಿಗೆ ಬಿಟ್ಟುಕೊಟ್ಟ ಮೊದಲಿಗರಲ್ಲಿ ಈತನೊಬ್ಬ. ಆದರೆ ಒಡೆಯನ ಇಚ್ಛೆಯ ಮೇಲೆ ನಿಂತ ರಕ್ಷಣೆ ಒಡೆಯನಿರುವಷ್ಟು ದಿನ ಮಾತ್ರ. 1865ರಲ್ಲಿ ವಾಟರ್ಟನ್ ತೀರಿಕೊಂಡ ಮೇಲೆ ಮಗ ಬೇಟೆಗೆ ಬಾಗಿಲು ತೆರೆದ. ಕೊನೆಗೆ ಎಸ್ಟೇಟನ್ನೇ ಮಾರಿದ. ಕೊಂಡವರು, ಮಾಲಿನ್ಯದ ವಿಷಯದಲ್ಲಿ ಅಪ್ಪ ಕೋರ್ಟಿಗೆಳೆದಿದ್ದ ಸೋಪು ಕಾರ್ಖಾನೆಯ ಮನೆತನದವರು!

ಆಗಿನ್ನೂ ಇಂಗ್ಲೆಂಡಿನ ಬೇಸಾಯವೇ ಗೂಬೆಯನ್ನು ಸಾಕುತ್ತಿತ್ತು. ಕಣಜದ ಅಟ್ಟ ಮನೆ. ಬಣವೆಯ ಇಲಿ ಚಳಿಗಾಲದ ಊಟ. ಬದು, ಬೇಲಿಸಾಲು ಬೇಟೆಯ ಬಯಲು. 1932ರಲ್ಲಿ ಜಿ.ಬಿ. ಬ್ಲೇಕರ್ ನಡೆಸಿದ ಗಣತಿಯ ಪ್ರಕಾರ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸುಮಾರು 12,000 ಜೋಡಿ ಕಣಜ ಗೂಬೆಗಳಿದ್ದವು. ಅರ್ಧ ಶತಮಾನದ ಬಳಿಕ, 1982-85ರಲ್ಲಿ ಕಾಲಿನ್ ಶಾಯರ್ ಮತ್ತೆ ಎಣಿಸಿದಾಗ ಉಳಿದದ್ದು 4,000ಕ್ಕೂ ಕಡಿಮೆ.

ನಡುವೆ ನಡೆದದ್ದೇನು? ಯುದ್ಧಕಾಲದ ಹಸಿವು ಕಂಡಿದ್ದ ದೇಶ 1947ರ ಕೃಷಿ ಕಾಯ್ದೆಯ ಮೂಲಕ ಬೆಳೆಗೆ ಖಾತರಿ ಬೆಲೆ ಕೊಟ್ಟಿತು. ಒಂದಿಂಚೂ ಬಿಡದೆ ಉಳುವುದೇ ಜಾಣತನವಾಯಿತು. ಬೇಲಿಸಾಲು ಕೀಳಲು ಸರ್ಕಾರವೇ ಸಹಾಯಧನ ಕೊಟ್ಟಿತು. ಕಟಾವು ಯಂತ್ರ ಬಂದು ಬಣವೆ ಮರೆಯಾಯಿತು. ಕೀಟನಾಶಕ, ಇಲಿಪಾಷಾಣ, ವಾಹನ ದಟ್ಟಣೆಯ ಹೆದ್ದಾರಿ ಎಲ್ಲವೂ ಕೈಜೋಡಿಸಿದವು. ಹಳೆಯ ಕಣಜಗಳು ಶ್ರೀಮಂತರ ಮನೆಗಳಾದವು.

ಮೊದಮೊದಲು ಪಕ್ಷಿಪ್ರಿಯರಿಗೆ ಹೊಳೆದದ್ದು ವಾಟರ್ಟನ್ ಮಾಡಿದ್ದೇ: ಗೂಡು. ಮರದ ಪೆಟ್ಟಿಗೆಗಳನ್ನು ಮಾಡಿ ಕೊಟ್ಟಿಗೆ, ಕಂಬಗಳಿಗೆ ಕಟ್ಟಿದರು. ಆದರೆ ಊಟವಿಲ್ಲದ ಮನೆಗೆ ಯಾರು ಬರುತ್ತಾರೆ? ಅಲ್ಲಿನ ಕಣಜ ಗೂಬೆಯ ಮುಖ್ಯ ಆಹಾರ ‘ವೋಲ್’ ಎಂಬ ಗಿಡ್ಡ ಬಾಲದ ಹುಲ್ಲಿನ ಇಲಿ. ವರ್ಷದಿಂದ ವರ್ಷಕ್ಕೆ ಕೊಯ್ಯದೆ ಬಿಟ್ಟ ಹುಲ್ಲು ಒಣಗಿ ನೆಲದ ಮೇಲೆ ನಾಲ್ಕು ಬೆರಳಷ್ಟು ದಪ್ಪದ ಹಾಸಾಗಬೇಕು. ಅದರಡಿ ಸುರಂಗ ಕೊರೆದು ವೋಲ್ ಬದುಕುತ್ತದೆ. ನುಣ್ಣಗೆ ಮೇಯಿಸಿದ ಹಸಿರು ಬಯಲು ನಮ್ಮ ಕಣ್ಣಿಗೆ ಹಬ್ಬ. ಗೂಬೆಗೆ ಮಾತ್ರ ಅದು ಬರಿದಾದ ಉಗ್ರಾಣ.

ಹೀಗೆ ಹುಲ್ಲನ್ನು ಸುಮ್ಮನೆ ಬಿಡುವುದೇ ಕೆಲಸವಾಯಿತು. 1991ರಲ್ಲಿ ಆರಂಭವಾದ ‘ಕಂಟ್ರಿಸೈಡ್ ಸ್ಟೀವರ್ಡ್‌ಶಿಪ್’ ಯೋಜನೆ, ಹೊಲದಂಚಿನ ಹುಲ್ಲುಪಟ್ಟಿಗೂ ಬೇಲಿಸಾಲನ್ನು ಮತ್ತೆ ನೆಡುವುದಕ್ಕೂ ರೈತರಿಗೆ ಹಣ ಕೊಟ್ಟಿತು. ಕೀಳಲೂ ಸಹಾಯಧನ, ನೆಡಲೂ ಸಹಾಯಧನ. 1992ರಲ್ಲಿ ಐರೋಪ್ಯ ಒಕ್ಕೂಟ ಧಾನ್ಯದ ರಾಶಿ ಕರಗಿಸಲು ಹೊಲದ ಒಂದು ಪಾಲನ್ನು ಬೀಳು ಬಿಡಿಸಿದ್ದು ಕೂಡ ಗೂಬೆಗೆ ಅನಾಯಾಸ ಲಾಭ ತಂದಿತು. ಧಾನ್ಯದ ಬೆಲೆ ಏರಿದ್ದೇ 2008ರಲ್ಲಿ ಆ ನಿಯಮ ರದ್ದಾಯಿತು.

ವೆಸ್ಟ್ ಸಸೆಕ್ಸ್‌ನ ನೆಪ್ ಎಸ್ಟೇಟಿನದು ಇನ್ನೊಂದೇ ದಾರಿ. ಜಿಗುಟು ಮಣ್ಣಿನಲ್ಲಿ ಬೇಸಾಯ ನಷ್ಟವಾಗಿ, ಚಾರ್ಲಿ ಬರೆಲ್ ಮತ್ತು ಇಸಬೆಲ್ಲಾ ಟ್ರೀ ದಂಪತಿ 2001ರಿಂದ ಹಂತಹಂತವಾಗಿ 3,500 ಎಕರೆಯನ್ನು ದನ, ಕುದುರೆ, ಹಂದಿ, ಜಿಂಕೆಗಳ ಅಲೆದಾಟಕ್ಕೆ ಬಿಟ್ಟರು. ಬ್ರಿಟನ್ನಿನ ಐದೂ ಜಾತಿಯ ಗೂಬೆಗಳು ಅಲ್ಲಿ ಕಾಣಿಸಿಕೊಂಡಿವೆ. ಎಲ್ಲರೂ ಹೀಗೆ ಮಾಡಿದರೆ ಅನ್ನ ಎಲ್ಲಿಂದ ಎಂಬ ಪ್ರಶ್ನೆಯೂ ಎದ್ದಿದೆ, ಅದು ಸಲ್ಲದ ಪ್ರಶ್ನೆಯೇನಲ್ಲ. ಸಾವಿರಾರು ಎಕರೆಯ ಒಡೆಯನಿಗೆ ಸಾಧ್ಯವಾದದ್ದು ಸಣ್ಣ ರೈತನಿಗೆ ಆಗದು. ಆತನಿಗೆ ಹೊಂದುವುದು ಬದುವಿನ ಪಕ್ಕದ ಕೆಲವೇ ಮೀಟರಿನ ಹುಲ್ಲುಪಟ್ಟಿ.

ನಮ್ಮ ಹಳೆಯ ದೇಗುಲ, ಕೋಟೆಗಳಲ್ಲಿ ವಾಸಿಸುವ ಕಣಜ ಗೂಬೆಯೂ ಇದೇ ಬಳಗದ್ದು. 1972ರ ವನ್ಯಜೀವಿ ಕಾಯ್ದೆಯ ರಕ್ಷಣೆಯಿದ್ದರೂ ದೀಪಾವಳಿಯ ಹೊತ್ತಿಗೆ ಮಾಟ-ಮಂತ್ರದ ಹೆಸರಿನಲ್ಲಿ ಗೂಬೆಗಳು ಬಲಿಯಾಗುತ್ತಿವೆ. ಗೂಬೆಯನ್ನು ಹಿಡಿದುಕೊಟ್ಟ ಮೇಲೆ ಗದ್ದೆಯ ಇಲಿಗೆ ಪಾಷಾಣ ಇಡಲು ದುಡ್ಡು ತೆರಬೇಕಾದವನು ರೈತನೇ.