ಪ್ರಾಸ್ಪೆಕ್ಟ್

ಅಮೆರಿಕದ ಬೇಸ್‌ಬಾಲ್‌ನಲ್ಲಿ ಮೈನರ್ ಲೀಗ್‌ನಿಂದ ಮುಂದೆ ಮೇಜರ್ ಲೀಗ್‌ಗೆ ಏರಬಹುದಾದ ಎಳೆಯ ಆಟಗಾರನನ್ನು ‘ಪ್ರಾಸ್ಪೆಕ್ಟ್’ ಎನ್ನುತ್ತಾರೆ. ಲ್ಯಾಟಿನ್ನಿನಲ್ಲಿ ‘ಪ್ರೊ’ ಎಂದರೆ ಮುಂದಕ್ಕೆ, ‘ಸ್ಪೆಕೆರೆ’ ಎಂದರೆ ನೋಡುವುದು. ನಮ್ಮ ‘ಮುನ್ನೋಟ’ ಕೂಡಿಬಂದ ಬಗೆಯೂ ಇದೇ. ಚಿನ್ನದ ಅದಿರು ಅರಸುವವನಿಗೂ 19ನೇ ಶತಮಾನದಲ್ಲಿ ಇದೇ ಬೇರಿನ ‘ಪ್ರಾಸ್ಪೆಕ್ಟರ್’ ಎಂಬ ಹೆಸರು ಬಂತು. ‘ಪ್ರಾಸ್ಪೆಕ್ಟ್’ ಪದ ಹೇಳುವುದು ನೋಡುವವನ ಕಣ್ಣನ್ನು, ಹುಡುಗನ ಗುಣವನ್ನಲ್ಲ. ಹಾಗಾಗಿ ‘ಭರವಸೆಯ ಆಟಗಾರ’ ಎಂಬ ಅನುವಾದ ನನಗೆ ಒಪ್ಪಿಗೆಯಿಲ್ಲ. ಭರವಸೆ ಕೊಟ್ಟವನು ಅವನಲ್ಲ, ಇಟ್ಟವರು ನೋಡಿದವರು.

ಎಳೆಯ ಆಟಗಾರರನ್ನು ಅರಸುವ ಸ್ಕೌಟ್‌ಗಳು ಹೊಡೆತ, ಓಟ, ಎಸೆತಗಳಿಗೆ 20ರಿಂದ 80ರವರೆಗೆ ಅಂಕವಿಡುತ್ತಾರಲ್ಲ, ಅದು ಬರಿಯ ಊಹೆಯೇ ಎಂದು ಕೇಳಬಹುದು. ಅಲ್ಲ. ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ ಡ್ರಾಫ್ಟ್‌ನಲ್ಲಿ 1987ರ ಮೊದಲ ಆಯ್ಕೆ ಕೆನ್ ಗ್ರಿಫಿ ಜೂನಿಯರ್ 2016ರಲ್ಲಿ ಬೇಸ್‌ಬಾಲ್ ದಿಗ್ಗಜರ ಹಾಲ್ ಆಫ್ ಫೇಮ್ ಸೇರಿದರು; ಬೆಳೆಯುವ ಸಿರಿ ಮೊಳಕೆಯಲ್ಲೇ ಕಂಡಿತ್ತು. ಆದರೆ ಅದೇ ವರ್ಷ ಅವರ ಜೊತೆಗೆ ಅಲ್ಲಿ ಸೇರಿದ ಮೈಕ್ ಪಿಯಾಝಾ 1988ರಲ್ಲಿ 62ನೇ ಸುತ್ತಿನಲ್ಲಿ ಆಯ್ಕೆಯಾದವರು. ಚಿನ್ನವಾದರೆ ಅಗೆಯುವ ಮುನ್ನವೂ ನೆಲದಡಿ ಇರುತ್ತದೆ; ಆಟಗಾರ ಹಾಗಲ್ಲ. ಕಾಲೇಜಿನಲ್ಲಿ ಫಸ್ಟ್ ಬೇಸ್ ಕಾಯುತ್ತಿದ್ದ ಪಿಯಾಝಾ ಕ್ಯಾಚರ್ ಆಗಿ ಪಳಗಿದ್ದು ಆಯ್ಕೆಯ ನಂತರ, ಆರಿಸಿದ ಡಾಡ್ಜರ್ಸ್ ತಂಡದ ತರಬೇತಿಯಲ್ಲಿ. 1988ರಲ್ಲಿ ಎಷ್ಟೇ ದಿಟ್ಟಿಸಿದ್ದರೂ ನೋಡಲು ಆ ಕ್ಯಾಚರ್ ಇನ್ನೂ ಇರಲೇ ಇಲ್ಲ.