ಬಳೆ ತೊಟ್ಟ ಕೈ ಹೇಳುವ ಕಥೆ

ಚಿತ್ರ ನೋಡಿ ಭವಿಷ್ಯ ಹೇಳುವ ಟ್ಯಾರೋ ಎಲೆಗಳು 15ನೇ ಶತಮಾನದ ಇಟಲಿಯಲ್ಲಿ ಹುಟ್ಟಿದಾಗ ಇಸ್ಪೀಟಿನಂತೆ ಬರೀ ಆಟದ ಎಲೆಗಳಾಗಿದ್ದವು. ಅವುಗಳ ಚಿತ್ರಗಳಲ್ಲಿ ಗೂಢಾರ್ಥವಿದೆ ಎಂಬ ನಂಬಿಕೆ ಬಲಿತದ್ದು 18ನೇ ಶತಮಾನದ ಫ್ರಾನ್ಸಿನಲ್ಲಿ. ಚಿತ್ರ ಮೊದಲು ಬಂತು, ಅರ್ಥ ಮೂರು ಶತಮಾನಗಳ ನಂತರ ಬಂದು ಕೂಡಿಕೊಂಡಿತು. ಹೀಗೆ ಚಿತ್ರ ಒಂದು ಕಾಲದ್ದು, ಅರ್ಥ ಇನ್ನೊಂದು ಕಾಲದ್ದು ಆಗಿರುವ ಉದಾಹರಣೆ ನಮ್ಮಲ್ಲೂ ಇದೆ. ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಮಾಸ್ತಿಕಲ್ಲುಗಳೇ ಅದಕ್ಕೆ ಸಾಕ್ಷಿ.

ಕರಾವಳಿಯ ಈ ಊರುಗಳಲ್ಲಿ ಜಟಕ, ಚೌಡಿಗಳ ಸಾಲಿನಲ್ಲೇ ಮಾಸ್ತಿಗೂ ಪೂಜೆ ಸಲ್ಲುತ್ತದೆ. ಕಲ್ಲಿಗೆ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆಯುವ ಭಕ್ತರಿಗೆ ಆಕೆ ಮನೆತನವನ್ನು ಕಾಯುವ ತಾಯಿ. ಕಲ್ಲಿನ ಮೇಲೆ ಮೇಲೆತ್ತಿದ ಒಂದು ಕೈ ಇದ್ದರೆ ಅದು ಅಭಯ ನೀಡುವ ದೇವಿಯ ಕೈ. ಆದರೆ ಕಲ್ಲು ಕೆತ್ತಿದವನ ಮನಸ್ಸಿನಲ್ಲಿದ್ದದ್ದು ಒಬ್ಬ ಹೆಂಗಸಿನ ಸಾವು. ‘ಮಹಾಸತಿ’ ಎಂಬ ಮಾತೇ ಜನರ ಬಾಯಲ್ಲಿ ಸವೆದು ‘ಮಾಸ್ತಿ’ ಆಯಿತು. ಗಂಡನ ಚಿತೆಯೇರಿದವಳ ನೆನಪಿಗೆ ನೆಟ್ಟ ಕಲ್ಲು ಮಾಸ್ತಿಕಲ್ಲು.

ಇಂಥ ಕಲ್ಲುಗಳನ್ನು ಓದಲು ಅಕ್ಷರ ಬೇಕಿಲ್ಲ. ಅವಕ್ಕೆ ತಮ್ಮದೇ ಆದ ಚಿತ್ರಲಿಪಿ ಇದೆ. ಮಾಸ್ತಿಕಲ್ಲಿನ ಒಡನಾಡಿಯಾದ ವೀರಗಲ್ಲನ್ನು ಸಾಮಾನ್ಯವಾಗಿ ಕೆಳಗಿನಿಂದ ಮೇಲಕ್ಕೆ ಓದಬೇಕು. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಮಡಿದ ವೀರನನ್ನು ಮೇಲಕ್ಕೆ ಕರೆದೊಯ್ಯುವ ಅಪ್ಸರೆಯರು, ಮೇಲಿನದರಲ್ಲಿ ಲಿಂಗದ ಎದುರು ಕೈಮುಗಿದು ಕುಳಿತ ವೀರ. ಆತ ಜೈನನಾಗಿದ್ದರೆ ಲಿಂಗದ ಜಾಗದಲ್ಲಿ ಜಿನಬಿಂಬ. ತುದಿಯಲ್ಲಿ ಸೂರ್ಯ, ಚಂದ್ರ. ಅವೆರಡು ಇರುವ ತನಕ ಈ ಕೀರ್ತಿ ಇರಲಿ ಎಂಬುದು ಅದರ ಅರ್ಥ.

ಮಾಸ್ತಿಕಲ್ಲಿನ ಮುಖ್ಯ ಗುರುತು ಕೈ. ಒಂದು ಕಂಬದಿಂದ ಹೊರಟು, ಮೊಣಕೈಯಲ್ಲಿ ಬಾಗಿ, ಅಂಗೈ ತೆರೆದು ಮೇಲೆದ್ದ ಬಲಗೈ ಅದು. ಅದರಲ್ಲಿ ಬಹು ಮುಖ್ಯವಾದದ್ದು ಬಳೆ. ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು ಪದ್ಧತಿ. ಕಲ್ಲಿನ ಕೈಯಲ್ಲಿ ಬಳೆಗಳು ಹಾಗೆಯೇ ಇವೆ. ಎಂದರೆ ಆಕೆ ಒಂದು ದಿನವೂ ವಿಧವೆಯಾಗಿ ಬಾಳಲಿಲ್ಲ, ಮುತ್ತೈದೆಯಾಗಿಯೇ ಹೋದಳು ಎಂದು ಕಲ್ಲು ಸಾರುತ್ತದೆ. ಕೆಲವು ಕಲ್ಲುಗಳಲ್ಲಿ ಎರಡು ಕೈಗಳಿರುತ್ತವೆ. ಅಲ್ಲಿ ಇಬ್ಬರು ಹೆಂಡಿರು ಚಿತೆಯೇರಿದರೆಂದು ವಿದ್ವಾಂಸರು ಅರ್ಥ ಮಾಡುತ್ತಾರೆ. ಇನ್ನು ಕೆಲವದರಲ್ಲಿ ಬೆರಳುಗಳ ನಡುವೆ ನಿಂಬೆಹಣ್ಣು, ಇನ್ನೊಂದು ಕೈಯಲ್ಲಿ ಕನ್ನಡಿ ಕಾಣುತ್ತದೆ.

ಈ ನಿಂಬೆ ಮತ್ತು ಕನ್ನಡಿ ಶಿಲ್ಪಿಯ ಕಲ್ಪನೆಯೇ ಅಥವಾ ನಡೆದ ಆಚರಣೆಯೇ? ಇದಕ್ಕೆ ಉತ್ತರ ಹೊನ್ನಾವರದ ದಾರಿಯಲ್ಲಿ ಬಂದ ಒಬ್ಬ ಪರದೇಶಿಯ ಪತ್ರಗಳಲ್ಲಿದೆ. ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ 1623ರಲ್ಲಿ ಪೋರ್ಚುಗೀಸರ ರಾಯಭಾರಿಯ ಜೊತೆ ಗೋವೆಯಿಂದ ಸಮುದ್ರ ಮಾರ್ಗವಾಗಿ ಹೊನ್ನಾವರಕ್ಕೆ ಬಂದಿಳಿದ. ಆಗ ಅಲ್ಲಿನ ಕೋಟೆ ಪೋರ್ಚುಗೀಸರ ಕೈಯಲ್ಲಿತ್ತು. ಅಲ್ಲಿಂದ ಶರಾವತಿಯಲ್ಲಿ ದೋಣಿಯೇರಿ, ಒಂದು ಕಾಲದಲ್ಲಿ ರಾಣಿಯ ರಾಜಧಾನಿಯಾಗಿ ಮೆರೆದು ಆ ಹೊತ್ತಿಗಾಗಲೇ ಹಾಳುಬಿದ್ದಿದ್ದ ಗೇರುಸೊಪ್ಪೆಯನ್ನು ಕಂಡು, ಘಟ್ಟ ಹತ್ತಿ ಕೆಳದಿಯ ವೆಂಕಟಪ್ಪ ನಾಯಕನ ರಾಜಧಾನಿ ಇಕ್ಕೇರಿಗೆ ಹೋದ.

ಅದೇ ವರ್ಷದ ನವೆಂಬರಿನಲ್ಲಿ ಇಕ್ಕೇರಿಯ ಬೀದಿಯಲ್ಲಿ ಆತ ಒಬ್ಬ ಹೆಂಗಸನ್ನು ಕಂಡ. ಗಂಡನನ್ನು ಕಳೆದುಕೊಂಡು ಸಹಗಮನಕ್ಕೆ ನಿಶ್ಚಯಿಸಿದ್ದ ಆಕೆ ಕುದುರೆಯ ಮೇಲೆ ಊರು ಸುತ್ತುತ್ತಿದ್ದಳು. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ನಿಂಬೆಹಣ್ಣು. ಕನ್ನಡಿಯಲ್ಲಿ ಮುಖ ನೋಡಿಕೊಂಡು ದುಃಖದ ದನಿಯಲ್ಲಿ ಹಾಡಿಕೊಳ್ಳುತ್ತಿದ್ದಳು. ಇವು ಏತಕ್ಕೆಂಬುದು ತನಗೆ ತಿಳಿಯದೆಂದು ಆತ ಬರೆದಿದ್ದಾನೆ. ಕಲ್ಲಿನ ಮೇಲಿನ ಚಿತ್ರ ಹೀಗೆ ಬೀದಿಯಲ್ಲಿ ನಡೆಯುವುದನ್ನು ಕಂಡ ಸಾಕ್ಷಿ ಸಿಕ್ಕಿತು. ಅದರ ಅರ್ಥ ಮಾತ್ರ ಆ ಸಾಕ್ಷಿಗೆ ಗೊತ್ತಾಗಲಿಲ್ಲ. ಕನ್ನಡಿ ಮುತ್ತೈದೆಯ ಮಂಗಳದ್ರವ್ಯ. ನಿಂಬೆಹಣ್ಣು ದೃಷ್ಟಿ ತೆಗೆಯಲು, ದೇವಿಗೆ ಒಪ್ಪಿಸಲು ಬಳಕೆಯಾಗುವ ಹಣ್ಣು. ಅವು ಆಕೆಯ ಕೈಯಲ್ಲಿದ್ದುದು ಏಕೆಂದು ಊಹಿಸುವುದು ನಮ್ಮ ಓದುಗರಿಗೆ ಕಷ್ಟವಲ್ಲ.

ಕೆಲವು ದಿನಗಳ ನಂತರ ಆತ ಆಕೆಯ ಮನೆಗೇ ಹೋಗಿ ಮಾತನಾಡಿಸಿದ. ಆತ ಬರೆದುಕೊಂಡ ಹೆಸರು ಕನ್ನಡದ ಕಿವಿಗೆ ‘ಜಕ್ಕಮ್ಮ’ ಎಂದು ಕೇಳುತ್ತದೆ. ತೆಲುಗು ಮೂಲದ ಆಕೆಯ ಗಂಡ ವಾದ್ಯ ಬಾರಿಸುವವನು. ವಯಸ್ಸು ಮೂವತ್ತರ ಒಳಗೆ. ಮೈತುಂಬ ಒಡವೆ, ತಲೆಯಲ್ಲಿ ಹೂವು, ಮದುವಣಗಿತ್ತಿಯ ಸಿಂಗಾರ, ಕೈಯಲ್ಲಿ ಅದೇ ನಿಂಬೆಹಣ್ಣು. ಎಳೆಯ ಮಕ್ಕಳನ್ನು ಬಿಟ್ಟು ಹೋಗುವುದು ಸರಿಯೇ ಎಂದು ಆತ ಕೇಳಿದ. ಅವರನ್ನು ಬಂಧುವೊಬ್ಬನಿಗೆ ಒಪ್ಪಿಸಿದ್ದೇನೆ, ಇದು ನನ್ನದೇ ಇಚ್ಛೆ ಎಂದಳು. ಗಂಡನ ಇನ್ನಿಬ್ಬರು ಹಿರಿಯ ಹೆಂಡಿರೂ ಅಲ್ಲಿಯೇ ಇದ್ದರು. ತಮಗೆ ಸಾಕಬೇಕಾದ ಮಕ್ಕಳಿದ್ದಾರೆಂದು ಅವರು ಸಹಗಮನಕ್ಕೆ ಒಪ್ಪಿರಲಿಲ್ಲ.

ಕಲ್ಲು ಹೇಳದ ಇಂಥ ಸಂಗತಿಗಳನ್ನು ಅಪರೂಪಕ್ಕೆ ಶಾಸನವೂ ಹೇಳುತ್ತದೆ. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಶಾಸನವೊಂದಿದೆ. ಅದರ ನಾಯಕಿ ದೇಕಬ್ಬೆ. ಗಂಡ ಏಚ ಅರಸನ ಆಜ್ಞೆಯಂತೆ ಮರಣದಂಡನೆಗೆ ಗುರಿಯಾದಾಗ ಆಕೆ ಬೆಂಕಿಗೆ ಬೀಳಲು ಹೊರಟಳು. ಹೆತ್ತವರು, ಬಂಧುಗಳು ಬೇಡವೆಂದು ಅಂಗಲಾಚಿದರೂ ಕೇಳಲಿಲ್ಲ. ಹೆತ್ತವರ ಆ ಸಂಕಟ ಅಕ್ಷರದಲ್ಲಿ ಉಳಿದಿದೆ. ಮಾಸ್ತಿಕಲ್ಲಿನ ಚಿತ್ರಲಿಪಿಯಲ್ಲಿ ಅದಕ್ಕೆ ಗುರುತೇ ಇಲ್ಲ. ಬಳೆ ಇದೆ, ಕಣ್ಣೀರಿಲ್ಲ. ಅಪ್ಸರೆಯರಿದ್ದಾರೆ, ಅನಾಥ ಮಕ್ಕಳಿಲ್ಲ.

ಸಹಗಮನವನ್ನು ಬ್ರಿಟಿಷ್ ಆಡಳಿತ ಬಂಗಾಳದಲ್ಲಿ 1829ರಲ್ಲಿ, ಮದ್ರಾಸ್ ಪ್ರಾಂತದಲ್ಲಿ 1830ರಲ್ಲಿ ನಿಷೇಧಿಸಿತು. ಆಗ ಈ ಕರಾವಳಿ ಮದ್ರಾಸ್ ಪ್ರಾಂತಕ್ಕೆ ಸೇರಿತ್ತು. 1987ರಲ್ಲಿ ರಾಜಸ್ಥಾನದ ದೇವರಾಲದಲ್ಲಿ ನಡೆದ ಘಟನೆ ದೇಶವನ್ನು ಬೆಚ್ಚಿಬೀಳಿಸಿದ ಮೇಲೆ ಬಂದ ಕೇಂದ್ರದ ಕಾನೂನು, ಸತಿ ಪದ್ಧತಿಯನ್ನು ವೈಭವೀಕರಿಸುವುದನ್ನೂ ಅಪರಾಧವೆಂದು ಸಾರಿತು.

ಹಾಗೆಂದು ಊರಂಚಿನ ಹಳೆಯ ಕಲ್ಲುಗಳನ್ನು ಕಿತ್ತೆಸೆಯಬೇಕಿಲ್ಲ. ರಸ್ತೆಗೋ ಮನೆಗೋ ಜಾಗ ಮಾಡಲು ಅವುಗಳನ್ನು ಪಕ್ಕಕ್ಕೆ ತಳ್ಳಿದರೆ ನಷ್ಟ ನಮಗೇ. ಹೆಸರು ಅಳಿದ ಎಷ್ಟೋ ಹೆಂಗಸರಿಗೆ ಇತಿಹಾಸದಲ್ಲಿ ಉಳಿದಿರುವುದು ಆ ಒಂದು ಕೈ ಮಾತ್ರ. ಅದಕ್ಕೆ ಕೈಮುಗಿಯುವವರು ಮುಗಿಯಲಿ. ಬಳೆಯ ಅರ್ಥವೂ ಅವರಿಗೆ ತಿಳಿದಿರಲಿ. ಮಕ್ಕಳನ್ನು ಸಾಕಲು ಬದುಕಿ ಉಳಿದ ಇಕ್ಕೇರಿಯ ಆ ಇಬ್ಬರು ಸವತಿಯರಂಥವರಿಗೆ ಯಾರೂ ಕಲ್ಲು ನೆಡಲಿಲ್ಲ. ಮಾಸ್ತಿಕಲ್ಲನ್ನು ಓದುವಾಗ ಅವರೂ ನೆನಪಿಗೆ ಬಂದರೆ ಆ ಓದು ಪೂರ್ಣವಾದೀತು.